ಹಲ್ಲುಜ್ಜುವಾಗ ರಕ್ತ ಬರುತ್ತಾ ಉಂಟಾ? ಹಲ್ಲು ಅಲುಗಾಡುವ ಮೊದಲೇ ವಸಡಿನ ರೋಗ ಹಿಡಿಯುವುದು ಹೇಗೆ

ಬೆಳಿಗ್ಗೆ ಹಲ್ಲುಜ್ಜಿ ಉಗುಳುವಾಗ ನೊರೆಯಲ್ಲಿ ಕೆಂಪು ಕಂಡರೆ ಹೆಚ್ಚಿನವರು ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಪೇಸ್ಟ್ ಬದಲಿಸುತ್ತಾರೆ, ಇಲ್ಲವೇ ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಡುತ್ತಾರೆ. ಪೇಸ್ಟ್ ಬದಲಿಸಿದರೆ ದೊಡ್ಡ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬ್ರಷ್ ತಾಗಿಸುವುದನ್ನು ಬಿಟ್ಟರೆ ಮಾತ್ರ ಕಷ್ಟ. ರಕ್ತ ಬರುವ ಜಾಗದಲ್ಲೇ ಕೊಳೆ ಕೂತಿರುವುದು. ಅಲ್ಲಿಗೇ ಬ್ರಷ್ ಹೋಗದಿದ್ದರೆ ಕೊಳೆ ಹೆಚ್ಚುತ್ತದೆ, ವಸಡು ಇನ್ನಷ್ಟು ಊದಿಕೊಳ್ಳುತ್ತದೆ, ಮುಂದಿನ ಸಲ ಏನಾದರೂ ತಾಗಿದಾಗ ಇನ್ನೂ ಜಾಸ್ತಿ ರಕ್ತ ಬರುತ್ತದೆ, ಅದನ್ನು ನೋಡಿ ಮತ್ತೂ ಹೆದರಿ ನಾವು ಇನ್ನೂ ದೂರ ಇಡುತ್ತೇವೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಇದನ್ನು ಹೇಳುತ್ತೇನೆ. ರಕ್ತ ಬರುವ ಕಡೆ ಉಜ್ಜುವುದನ್ನು ನಿಲ್ಲಿಸಬೇಡಿ. ಸಾಫ್ಟ್ ಬ್ರಷ್ ಹಿಡಿದು, ಮೆಲ್ಲಗೆ, ಅದೇ ಜಾಗವನ್ನು ದಿನಕ್ಕೆ ಎರಡು ಸಲ ಸ್ವಚ್ಛ ಮಾಡಿ. ಶುರುವಿನ ಹಂತವಾಗಿದ್ದರೆ ಒಂದೆರಡು ವಾರದಲ್ಲಿ ರಕ್ತ ತಾನಾಗಿ ನಿಲ್ಲುತ್ತದೆ. ನಿಲ್ಲಲಿಲ್ಲವೆಂದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಲೇಬೇಕು. ನೋವು ಬರಲಿ, ಆಮೇಲೆ ನೋಡುವ ಎಂದು ಕಾಯಬೇಡಿ. ಈ ರೋಗದಲ್ಲಿ ನೋವು ಬರುವಾಗ ಬಹಳ ತಡವಾಗಿರುತ್ತದೆ.

ನಮ್ಮ ಊರಿನವರಿಗೆ ಇದನ್ನು ಹೇಳಲು ನನಗೆ ವಿಶೇಷ ಕಾರಣ ಉಂಟು. ಮಣಿಪಾಲದಲ್ಲಿ 1965ರಿಂದಲೇ ಡೆಂಟಲ್ ಕಾಲೇಜು ಇದೆ. ದೇರಳಕಟ್ಟೆಯಲ್ಲಿ ಎರಡಿವೆ. ಮಂಗಳೂರು ಪೇಟೆಯೊಳಗೆ ಬೇರೆ ಇವೆ. ಇಷ್ಟು ಹತ್ತಿರ ಹತ್ತಿರ ಹಲ್ಲಿನ ಆಸ್ಪತ್ರೆಗಳಿರುವ ಜಾಗ ದೇಶದಲ್ಲೇ ಕಡಿಮೆ. ಆದರೂ ಐವತ್ತು ದಾಟಿದ ಎಷ್ಟೋ ಮಂದಿ ಕೋರಿ ರೊಟ್ಟಿಯನ್ನು ಸಾರಿನಲ್ಲಿ ಪೂರ್ತಿ ನೆನೆಸದೆ ತಿನ್ನಲಾರರು. ಚಕ್ಕುಲಿ ಮುಟ್ಟುವುದಿಲ್ಲ. ಕೇಳಿದರೆ "ಪ್ರಾಯ ಆಯ್ತಲ್ವಾ" ಎನ್ನುತ್ತಾರೆ. ಪ್ರಾಯವಾಯಿತೆಂದು ಹಲ್ಲು ತಾನಾಗಿ ಬೀಳುವುದಿಲ್ಲ. ವರ್ಷಾನುಗಟ್ಟಲೆ ಯಾರೂ ನೋಡದೆ ಬಿಟ್ಟ ರೋಗದಿಂದ ಬೀಳುತ್ತದೆ.

ಒಳಗೆ ಏನಾಗುತ್ತದೆ

ಹಲ್ಲು ಸ್ವಚ್ಛ ಮಾಡಿದ ಕೆಲವೇ ನಿಮಿಷಗಳಲ್ಲಿ ಅದರ ಮೇಲೆ ಜೊಲ್ಲಿನ ತೆಳು ಪೊರೆ ಕೂರುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಆ ಪೊರೆಗೆ ಅಂಟಿಕೊಂಡು, ಒಂದರ ಮೇಲೊಂದು ಸೇರಿ, ಜಿಗುಟಾದ ಪದರ ಕಟ್ಟುತ್ತವೆ. ಡಾಕ್ಟರುಗಳು ಇದನ್ನು ಪ್ಲಾಕ್ ಎನ್ನುತ್ತಾರೆ, ನಾವು ಪಾಚಿ ಎನ್ನುತ್ತೇವೆ. ಉಗುರಿನಿಂದ ಹಲ್ಲಿನ ಬುಡ ಕೆರೆದರೆ ಬಿಳಿ ಬಿಳಿಯಾಗಿ ಮೆತ್ತಗೆ ಬರುತ್ತದಲ್ಲ, ಅದೇ. ಇದು ಊಟದ ಚೂರು ಅಲ್ಲ, ಜೀವ ಇರುವ ಪದರ. ಆದ್ದರಿಂದ ಬಾಯಿ ಮುಕ್ಕಳಿಸಿದರೆ ಹೋಗುವುದಿಲ್ಲ. ಉಜ್ಜಿಯೇ ತೆಗೆಯಬೇಕು.

ತೆಗೆಯದಿದ್ದರೆ ಎಷ್ಟು ದಿನದಲ್ಲಿ ವಸಡಿಗೆ ಏಟು? ಇದನ್ನು ಡೆನ್ಮಾರ್ಕಿನ ಓರ್ಹುಸ್ ಎಂಬಲ್ಲಿ ಹರಾಲ್ಡ್ ಲೋ ಎಂಬ ಹಲ್ಲಿನ ವಿಜ್ಞಾನಿ ಮತ್ತು ಜೊತೆಗಾರರು ನೇರವಾಗಿ ಪರೀಕ್ಷಿಸಿ ನೋಡಿದರು. 1965ರಲ್ಲಿ ಅದು ಪ್ರಕಟವಾಯಿತು. ಆರೋಗ್ಯವಾದ ವಸಡಿದ್ದ 12 ಮಂದಿ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದರು, ಸುಮಾರು ಒಂದು ವಾರದಲ್ಲಿ ಎಲ್ಲವೂ ಮೊದಲಿನಂತಾಯಿತು. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ನನಗೆ ಈ ಪರೀಕ್ಷೆ ತುಂಬ ಮುಖ್ಯವೆನಿಸುವುದು ಅದಕ್ಕೇ. ವಸಡಿನ ಊತಕ್ಕೆ ಕಾರಣ ಉಷ್ಣ ಅಲ್ಲ, ನೀರು ಅಲ್ಲ, ಪೇಸ್ಟ್ ಅಲ್ಲ, ಬುಡದಲ್ಲಿ ಕೂತ ಪಾಚಿ ಎಂದು ಅದು ಸಂಶಯವಿಲ್ಲದೆ ತೋರಿಸಿತು. ಈ ಮೊದಲ ಹಂತಕ್ಕೆ ಜಿಂಜಿವೈಟಿಸ್ ಎಂದು ಹೆಸರು. ಇಲ್ಲಿಂದ ಪೂರ್ತಿ ವಾಪಸ್ ಬರಬಹುದು.

ಪಾಚಿ ಹಾಗೇ ಉಳಿದರೆ ಒಂದೆರಡು ದಿನದಲ್ಲೇ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗಲು ತೊಡಗುತ್ತದೆ. ಒಂದೆರಡು ವಾರದಲ್ಲಿ ಕಲ್ಲಾಗುತ್ತದೆ. ಅದು ಗಾರೆ, ಟಾರ್ಟರ್. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ನಾಲಗೆ ಆಡಿಸಿ ನೋಡಿ, ಒರಟು ತಾಗುತ್ತದಾ? ಅಲ್ಲೇ ಗಾರೆ ಜಾಸ್ತಿ. ಯಾಕೆಂದರೆ ನಾಲಗೆಯ ಅಡಿಯಲ್ಲಿ ಜೊಲ್ಲಿನ ಗ್ರಂಥಿಯ ಬಾಯಿ ತೆರೆಯುವುದು ಅಲ್ಲಿಯೇ. ಇನ್ನೊಂದು ಬಾಯಿ ಕೆನ್ನೆಯ ಒಳಗೆ, ಮೇಲಿನ ದವಡೆ ಹಲ್ಲಿನ ಎದುರು. ಅಲ್ಲಿಯೂ ಹೊರಬದಿಗೆ ಗಾರೆ ಕಟ್ಟುತ್ತದೆ. "ನಮ್ಮದು ಬೋರ್‌ವೆಲ್ ನೀರು, ಹಾಗೆ ಹಲ್ಲಿಗೆ ಕಲ್ಲು ಕಟ್ಟುತ್ತದೆ" ಎಂದು ಎಷ್ಟೋ ಕಡೆ ಕೇಳಿದ್ದೇನೆ. ಹಾಗಲ್ಲ ಮಾರಾಯ್ರೆ, ಆ ಕಲ್ಲಿನ ಸಾಮಾನು ನಮ್ಮ ಜೊಲ್ಲಿನಿಂದಲೇ ಬರುವುದು. ಬಾವಿ ನೀರು ಕುಡಿಯುವವರಿಗೂ ಕಟ್ಟುತ್ತದೆ.

ಒಮ್ಮೆ ಗಾರೆಯಾದ ಮೇಲೆ ಯಾವ ಬ್ರಷ್ಷಿಗೂ, ಯಾವ ಪೇಸ್ಟಿಗೂ ಅದು ಜಗ್ಗುವುದಿಲ್ಲ. ಅದರ ಒರಟು ಮೈ ಮೇಲೆ ಹೊಸ ಪಾಚಿ ಇನ್ನೂ ಸುಲಭವಾಗಿ ಕೂರುತ್ತದೆ, ಮೆಲ್ಲಗೆ ವಸಡಿನ ಅಡಿಗೂ ಇಳಿಯುತ್ತದೆ.

ಇಲ್ಲಿಂದ ಎರಡನೆಯ ಹಂತ. ಹಲ್ಲಿಗೂ ವಸಡಿಗೂ ನಡುವೆ ಎಲ್ಲರಿಗೂ ಸಣ್ಣ ಸಂದು ಇರುತ್ತದೆ. ಆರೋಗ್ಯವಾಗಿದ್ದರೆ ಅದರ ಆಳ 1ರಿಂದ 3 ಮಿಲಿಮೀಟರ್. ಊತ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿದರೆ ಕೆಲವರಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಂಡು ಈ ಸಂದು 4, 5, 7 ಮಿಲಿಮೀಟರ್ ಆಳವಾಗುತ್ತದೆ. ಇದನ್ನೇ ಪಾಕೆಟ್ ಎನ್ನುವುದು. ಅಷ್ಟು ಆಳಕ್ಕೆ ಬ್ರಷ್ಷಿನ ಎಳೆ ಇಳಿಯುವುದಿಲ್ಲ. ಗಾಳಿಯೂ ಸರಿಯಾಗಿ ಆಡದ ಆ ಜಾಗದಲ್ಲಿ ಬೇರೆ ಜಾತಿಯ, ಇನ್ನೂ ಕೆಟ್ಟ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವನ್ನು ಎದುರಿಸಲು ನಮ್ಮ ಮೈ ಹೋರಾಡುತ್ತದೆ, ಆ ಹೋರಾಟದಲ್ಲೇ ಹಲ್ಲನ್ನು ಎಲುಬಿಗೆ ಕಟ್ಟಿ ಹಿಡಿದ ನಾರು, ಆಮೇಲೆ ಎಲುಬು ಸಹ ಕರಗುತ್ತಾ ಹೋಗುತ್ತದೆ. ಅಂದರೆ ಹಾನಿ ಬರೀ ಕ್ರಿಮಿಗಳಿಂದ ಅಲ್ಲ, ಮುಗಿಯದ ಊತದಿಂದಲೇ ಜಾಸ್ತಿ. ಇದಕ್ಕೆ ಪೆರಿಯೊಡಾಂಟೈಟಿಸ್ ಎಂದು ಹೆಸರು, ಹಳಬರು ಪಯೋರಿಯಾ ಎನ್ನುತ್ತಿದ್ದರು.

ಉಳ್ಳಾಲದ ಕಡೆ ಕಡಲ್ಕೊರೆತದಲ್ಲಿ ತೆಂಗಿನ ಮರ ಬೀಳುವುದನ್ನು ನೋಡಿದ್ದೀರಲ್ಲ? ಮರಕ್ಕೆ ಏನೂ ಆಗಿರುವುದಿಲ್ಲ, ಕಾಯಿ ಸಹ ಇರುತ್ತದೆ, ಬುಡದ ಮಣ್ಣು ಹೋಗಿರುತ್ತದೆ. ಈ ರೋಗದಲ್ಲಿ ಹಲ್ಲು ಬೀಳುವುದೂ ಹಾಗೆಯೇ. ಒಂದು ಹುಳುಕು ಕೂಡ ಇಲ್ಲದ ಗಟ್ಟಿ ಹಲ್ಲು ಕೈಗೆ ಬರುತ್ತದೆ. ಹುಳುಕಾದರೆ ನೋವು ಬರುತ್ತದೆ, ರಾತ್ರಿ ನಿದ್ದೆ ಇರುವುದಿಲ್ಲ, ನಾವು ಓಡಿ ಹೋಗುತ್ತೇವೆ. ಇಲ್ಲಿ ಎಲುಬು ಅರ್ಧ ಕರಗಿದರೂ ಹೆಚ್ಚಿನವರಿಗೆ ನೋವೇ ಇಲ್ಲ.

"ನನ್ನ ಅಜ್ಜ ಬ್ರಷ್ಷೇ ಮುಟ್ಟಿದವರಲ್ಲ"

ಈ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಅಜ್ಜ ಮಾವಿನ ಎಲೆಯಲ್ಲಿ ತಿಕ್ಕಿ, ಎಂಬತ್ತರಲ್ಲೂ ಕಬ್ಬು ಕಚ್ಚುತ್ತಿದ್ದರು ಎಂದು. ಸುಳ್ಳಲ್ಲ, ಅಂಥವರು ಇದ್ದಾರೆ. ಅದೇ ಲೋ ಅವರ ತಂಡ 1970ರಿಂದ ಶ್ರೀಲಂಕಾದ ಟೀ ತೋಟಗಳ 480 ಗಂಡಸು ಕೂಲಿಯವರ ಬಾಯಿಯನ್ನು ಹದಿನೈದು ವರ್ಷ ಗಮನಿಸಿತು. ಅವರಿಗೆ ಬ್ರಷ್ಷಿನ ಅಭ್ಯಾಸವೂ ಇರಲಿಲ್ಲ, ಹಲ್ಲಿನ ಚಿಕಿತ್ಸೆಯೂ ಸಿಗುತ್ತಿರಲಿಲ್ಲ. ಎಲ್ಲರ ಬಾಯಿಯಲ್ಲೂ ಪಾಚಿ, ಗಾರೆ, ವಸಡಿನ ಊತ ಇತ್ತು. ಆದರೂ ನೂರಕ್ಕೆ ಸುಮಾರು 11 ಮಂದಿಯಲ್ಲಿ ರೋಗ ಊತದಿಂದ ಆಚೆಗೆ ಹೋಗಲೇ ಇಲ್ಲ. 81 ಮಂದಿಯಲ್ಲಿ ನಿಧಾನವಾಗಿ ಬೆಳೆಯಿತು. 8 ಮಂದಿಯಲ್ಲಿ ಬಹಳ ಬೇಗ ಬೆಳೆದು, ನಡು ಪ್ರಾಯಕ್ಕೇ ಹಲ್ಲು ಹೋದವು.

ನಿಮ್ಮ ಅಜ್ಜ ಆ ಹನ್ನೊಂದರಲ್ಲಿ ಒಬ್ಬರಾಗಿರಬಹುದು. ನೀವು ಯಾವ ಗುಂಪು ಎಂದು ಮೊದಲೇ ತಿಳಿಯುವ ಉಪಾಯ ನಮ್ಮ ಕೈಯಲ್ಲಿಲ್ಲ. ಅಜ್ಜನ ಹಲ್ಲು ನೋಡಿ ಧೈರ್ಯ ತೆಗೆದುಕೊಳ್ಳುವುದಕ್ಕಿಂತ, ಅಪ್ಪನಿಗೋ ಅಮ್ಮನಿಗೋ ನಲವತ್ತು ನಲವತ್ತೈದರೊಳಗೆ ಹಲ್ಲು ಅಲುಗಾಡಿತ್ತಾ ಎಂದು ಕೇಳಿಕೊಳ್ಳಿ. ಹೌದಾದರೆ ನಿಮಗೂ ನಿಮ್ಮ ಅಣ್ಣತಮ್ಮಂದಿರಿಗೂ ಬೇಗ ತಪಾಸಣೆ ಬೇಕು. ಕೆಲವರಿಗೆ ಇಪ್ಪತ್ತರ ಒಳಗೇ, ಮುಂದಿನ ಹಲ್ಲು ಮತ್ತು ಮೊದಲ ದವಡೆ ಹಲ್ಲುಗಳಲ್ಲಿ ಮಾತ್ರ ಎಲುಬು ವೇಗವಾಗಿ ಕರಗುವ ವಿಧವೂ ಉಂಟು, ಅದು ಮನೆತನದಲ್ಲಿ ಬರುವುದು ಹೆಚ್ಚು.

ಕನ್ನಡಿ ಮುಂದೆ ಐದು ನಿಮಿಷ

ಒಳ್ಳೆಯ ಬೆಳಕಿರುವಾಗ, ಮೊಬೈಲಿನ ಟಾರ್ಚ್ ಹಿಡಿದು ನೋಡಿ. ತುಟಿ ಎತ್ತಿ ಎರಡು ಹಲ್ಲುಗಳ ನಡುವಿನ ತ್ರಿಕೋನದ ವಸಡನ್ನು ಗಮನಿಸಿ. ರೋಗ ಶುರುವಾಗುವುದು ಹೆಚ್ಚಾಗಿ ಅಲ್ಲೇ. ಅದು ಚೂಪಾಗಿ, ಬಿಗಿಯಾಗಿ ಇರಬೇಕು. ಉಬ್ಬಿ, ದುಂಡಗೆ, ಹೊಳೆಯುತ್ತಾ ಇದ್ದರೆ ಊತ. ಬಣ್ಣ ನೋಡಿ ಮಾತ್ರ ತೀರ್ಮಾನಕ್ಕೆ ಬರಬೇಡಿ. ನಮ್ಮಲ್ಲಿ ಎಷ್ಟೋ ಮಂದಿಯ ವಸಡಿನಲ್ಲಿ ಹುಟ್ಟಿನಿಂದಲೇ ಕಂದು ಅಥವಾ ಕಪ್ಪು ಬಣ್ಣ ಇರುತ್ತದೆ, ಅದು ರೋಗ ಅಲ್ಲ. ಮೊದಲಿದ್ದ ಬಣ್ಣ ಬದಲಾಗಿ ಅಂಚು ಕೆಂಪು ಅಥವಾ ನೇರಳೆ ಆದರೆ ಸಂಶಯಪಡಿ.

ಆಮೇಲೆ ಬೆರಳಿನಿಂದ ವಸಡನ್ನು ಮೆಲ್ಲಗೆ ಒತ್ತಿ. ಸಂದಿನಿಂದ ಬಿಳಿ ಅಥವಾ ಹಳದಿ ಕೀವು ಬಂದರೆ ಪಾಕೆಟ್ ಆಗಿದೆ ಎಂದೇ ತಿಳಿಯಿರಿ. ಹಳೆಯ ಫೋಟೊದಲ್ಲಿ ನಗುವಾಗ ಕಾಣುವ ಮುಂದಿನ ಹಲ್ಲುಗಳನ್ನು ಈಗಿನವುಗಳ ಜೊತೆ ಹೋಲಿಸಿ ನೋಡಿ. ಹಲ್ಲು ಉದ್ದವಾದಂತೆ ಕಾಣುತ್ತದಾ? ಮೊದಲು ಇಲ್ಲದ ಸಂದು ಈಗ ಬಿದ್ದಿದೆಯಾ? ಇದು ನನಗೆ ಗೊತ್ತಿರುವುದರಲ್ಲಿ ಅತ್ಯಂತ ಉಪಯೋಗದ ಪರೀಕ್ಷೆ, ಯಾಕೆಂದರೆ ದಿನಾ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ. ಎಲುಬಿನ ಆಧಾರ ಕಡಿಮೆಯಾದ ಹಲ್ಲು ನಾಲಗೆ, ತುಟಿಗಳ ಒತ್ತಡಕ್ಕೆ ಸರಿಯುತ್ತದೆ. ಬಾಯಿ ವಾಸನೆ ಹೋಗದೆ ಉಳಿಯುವುದು, ಮೀನಿನ ಎಳೆಯೋ ಕೋಳಿಯ ನಾರೋ ಒಂದೇ ಸಂದಿನಲ್ಲಿ ಪ್ರತಿ ಸಲ ಸಿಕ್ಕಿಕೊಳ್ಳುವುದು, ಗಡ್‌ಬಡ್ ಐಸ್‌ಕ್ರೀಂ ತಿಂದರೆ ಹಲ್ಲಿನ ಬುಡ ಝುಂ ಎನ್ನುವುದು, ಕಚ್ಚುವಾಗ ಹಲ್ಲುಗಳು ಮೊದಲಿನ ಹಾಗೆ ಸೇರುತ್ತಿಲ್ಲ ಅನಿಸುವುದು, ಇವೆಲ್ಲ ಅದೇ ಕಡೆ ಬೊಟ್ಟು ಮಾಡುತ್ತವೆ.

ಬೀಡಿ, ಸಿಗರೇಟು ಸೇದುವವರು ಒಂದು ವಿಷಯ ಗಮನದಲ್ಲಿಡಬೇಕು. ನಿಕೋಟಿನ್‌ನಿಂದ ವಸಡಿನ ರಕ್ತನಾಳಗಳು ಬಿಗಿಯುತ್ತವೆ, ಹಾಗಾಗಿ ರಕ್ತ ಕಡಿಮೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಒಳಗೆ ಎಲುಬು ಕರಗುತ್ತಿದ್ದರೂ ಹೊರಗೆ ಎಲ್ಲ ಚೆನ್ನಾಗಿದೆ ಎಂದೇ ಕಾಣುತ್ತದೆ. ರಕ್ತ ಬರುತ್ತಿಲ್ಲ ಎಂಬ ಸಮಾಧಾನ ಅವರಿಗೆ ಇಲ್ಲ. ಸೇದುವುದನ್ನು ಬಿಟ್ಟ ಕೆಲವು ವಾರದಲ್ಲಿ ರಕ್ತ ಬರಲು ಶುರುವಾದರೆ ಹೆದರಬೇಡಿ, ಮುಚ್ಚಿಕೊಂಡಿದ್ದದ್ದು ಕಾಣಿಸಿಕೊಂಡಿತು ಅಷ್ಟೇ.

ಇನ್ನೊಂದು ಎಚ್ಚರಿಕೆ, ಇದು ಹಲ್ಲಿನ ವಿಷಯವೇ ಅಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಡೆಂಗಿ ಬರುತ್ತದೆ. ಜ್ವರದ ಜೊತೆಗೆ ಅಥವಾ ಜ್ವರ ಬಿಟ್ಟ ಕೂಡಲೇ, ಏನೂ ತಾಗದೆ ವಸಡಿನಲ್ಲಿ ರಕ್ತ ಒಸರಿದರೆ ಹಲ್ಲಿನ ಕ್ಲಿನಿಕ್ಕಿಗೆ ಹೋಗುತ್ತಾ ಸಮಯ ಕಳೆಯಬೇಡಿ. ನೇರ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಬೀಳುತ್ತಿದ್ದರೂ ಹಾಗೆಯೇ.

ಯಾರು ಜಾಸ್ತಿ ಜಾಗ್ರತೆ ಮಾಡಬೇಕು

ಸಕ್ಕರೆ ಕಾಯಿಲೆ ಇರುವವರು ಮೊದಲು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ರೋಗದ ಸಾಧ್ಯತೆ ಸುಮಾರು ಮೂರು ಪಟ್ಟು. ಆಮೇಲೆ ಅದು ತಿರುಗಿ ಹೊಡೆಯುತ್ತದೆ. ವಸಡಿನ ಊತದಿಂದ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ಇನ್ನೂ ಏರುತ್ತದೆ. ಪಾಕೆಟ್‌ಗಳನ್ನು ಸರಿಯಾಗಿ ಸ್ವಚ್ಛ ಮಾಡಿಸಿದರೆ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಮಾತ್ರೆ ಏರಿಸುತ್ತಲೇ ಇದ್ದೀರಿ, ಸಕ್ಕರೆ ಇಳಿಯುತ್ತಿಲ್ಲ, ಬಾಯಿ ನೋಡಿಸಿ ವರ್ಷಗಳಾದವು ಎಂದಾದರೆ ಒಮ್ಮೆ ಅಲ್ಲೂ ಹುಡುಕಿ.

ಎಲೆ ಅಡಿಕೆಯ ವಿಷಯ ನಮ್ಮ ಜಿಲ್ಲೆಯಲ್ಲಿ ಮಾತಾಡುವುದು ಕಷ್ಟ. ಅಡಿಕೆ ನಮ್ಮ ಎಷ್ಟೋ ಮನೆಗಳ ಅನ್ನ, ಮದುವೆ ಮುಂಜಿಯಲ್ಲಿ ಬಚ್ಚಿರೆ ಬಜ್ಜೆಯಿ ಕೊಡದೆ ಮರ್ಯಾದೆ ಇಲ್ಲ. ಆದರೂ ಹೇಳಲೇಬೇಕು. ದಿನಕ್ಕೆ ಹಲವು ಸಲ ಜಗಿದು ಕೆನ್ನೆಯ ಒಂದೇ ಮೂಲೆಯಲ್ಲಿ ಇಟ್ಟುಕೊಳ್ಳುವವರಿಗೆ ಆ ಜಾಗದ ವಸಡು ಕೆಳಗೆ ಸರಿದು ಬೇರು ಹೊರಗೆ ಕಾಣುತ್ತದೆ, ಜೊತೆಗೆ ಹೊಗೆಸೊಪ್ಪು ಇದ್ದರಂತೂ ಇನ್ನೂ ಬೇಗ. ವಸಡಷ್ಟೇ ಅಲ್ಲ, ಹೊಗೆಸೊಪ್ಪು ಹಾಕದ ಬರೀ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬಾಯಿ ಮೊದಲಿನಷ್ಟು ಅಗಲ ತೆರೆಯಲು ಆಗುತ್ತಿಲ್ಲ, ಖಾರ ತಾಗಿದರೆ ಉರಿ ಎಂದರೆ ಒಂದು ದಿನವೂ ತಡ ಮಾಡಬೇಡಿ.

ಬಸುರಿಯರಿಗೆ ಹಾರ್ಮೋನು ಬದಲಾಗಿ ವಸಡು ಸುಲಭವಾಗಿ ಊದುತ್ತದೆ. ಗರ್ಭಿಣಿಯರು ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು ಎಂದು ಹಿರಿಯರು ಹೇಳುವುದುಂಟು. ಹಾಗೇನಿಲ್ಲ, ಕ್ಲೀನಿಂಗ್ ಮಾಡಿಸಬಹುದು, ನಡುವಿನ ಮೂರು ತಿಂಗಳು ಅದಕ್ಕೆ ಅನುಕೂಲ. ಬಿಪಿಗೆ ಅಮ್ಲೋಡಿಪಿನ್, ಫಿಟ್ಸಿಗೆ ಫೆನಿಟಾಯಿನ್ ತೆಗೆದುಕೊಳ್ಳುವ ಕೆಲವರಲ್ಲಿ ವಸಡು ದಪ್ಪಗೆ ಬೆಳೆದು ಹಲ್ಲನ್ನೇ ಮುಚ್ಚುತ್ತದೆ. ಹಾಗಾದರೆ ಮಾತ್ರೆಯನ್ನು ನೀವಾಗಿ ಬಿಡಬೇಡಿ, ಬರೆದುಕೊಟ್ಟ ಡಾಕ್ಟರಿಗೆ ತೋರಿಸಿ. ಬದಲಿ ಮಾತ್ರೆ ಇರುತ್ತದೆ.

ಉಜ್ಜುವುದು ಹೇಗೆ

ಸಾಫ್ಟ್ ಎಂದು ಬರೆದ, ಸಣ್ಣ ತಲೆಯ ಬ್ರಷ್ ತೆಗೆದುಕೊಳ್ಳಿ. ಎಳೆಗಳು ಹಲ್ಲು ಮತ್ತು ವಸಡು ಸೇರುವ ಗೆರೆಯ ಮೇಲೆ, ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಕೂರಬೇಕು. ಆ ಗೆರೆಯೇ ಮುಖ್ಯ, ಹಲ್ಲಿನ ಬಿಳಿ ಭಾಗ ಅಲ್ಲ. ಅಲ್ಲಿಟ್ಟು ಜಾಗ ಬಿಡದೆ ಸಣ್ಣದಾಗಿ ಹತ್ತಿಪ್ಪತ್ತು ಸಲ ಅಲುಗಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಗುಡಿಸಿ, ಮುಂದಿನ ಎರಡು ಮೂರು ಹಲ್ಲಿಗೆ ಹೋಗಿ. ಹೊರಬದಿ ಮುಗಿದ ಮೇಲೆ ಒಳಬದಿ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಬ್ರಷ್ಷನ್ನು ನೆಟ್ಟಗೆ ಹಿಡಿದು ಮೇಲಕ್ಕೆ ಎಳೆಯಬೇಕು. ಎಲ್ಲಕ್ಕಿಂತ ಹಿಂದಿನ ದವಡೆ ಹಲ್ಲಿನ ಹಿಂಬದಿಯನ್ನು ಯಾರೂ ಮುಟ್ಟುವುದಿಲ್ಲ, ಬಾಯಿ ಸ್ವಲ್ಪ ಮುಚ್ಚಿದರೆ ಕೆನ್ನೆ ಸಡಿಲವಾಗಿ ಬ್ರಷ್ ಅಲ್ಲಿಗೂ ಹೋಗುತ್ತದೆ. ಎರಡು ನಿಮಿಷ ಬೇಕೇ ಬೇಕು. ಜೋರಾಗಿ ಅಡ್ಡಡ್ಡ ತಿಕ್ಕಿದರೆ ಪಾಚಿ ಜಾಸ್ತಿ ಹೋಗುವುದಿಲ್ಲ, ಬುಡ ಸವೆದು ಗುಳಿ ಬೀಳುತ್ತದೆ. ಫ್ಲೋರೈಡ್ ಇರುವ ಯಾವ ಪೇಸ್ಟ್ ಆದರೂ ಸರಿ. ಎಳೆ ಹರಡಿಕೊಂಡರೆ, ಇಲ್ಲವೇ ಮೂರು ತಿಂಗಳಾದರೆ ಬ್ರಷ್ ಬದಲಿಸಿ.

ಒಂದೇ ಸಲ ಉಜ್ಜುವುದು ಎಂದಾದರೆ ಅದು ರಾತ್ರಿ ಇರಲಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಬಾಯಿಗೆ ತನ್ನನ್ನು ತಾನು ತೊಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ನಮ್ಮಲ್ಲಿ ಬೆಳಿಗ್ಗೆ ಉಜ್ಜದೆ ಚಾ ಕುಡಿಯುವವರಿಲ್ಲ, ರಾತ್ರಿ ಉಜ್ಜುವವರು ಕಡಿಮೆ.

ಬ್ರಷ್ ಎಷ್ಟೇ ಚೆನ್ನಾಗಿದ್ದರೂ ಎರಡು ಹಲ್ಲುಗಳ ನಡುವೆ ಹೋಗುವುದಿಲ್ಲ, ವಸಡಿನ ರೋಗ ಶುರುವಾಗುವುದು ಅಲ್ಲೇ. ಸಂದು ಬಿಗಿ ಇದ್ದರೆ ಫ್ಲಾಸ್ ದಾರ, ಸಂದು ಬಿದ್ದಿದ್ದರೆ ಇಂಟರ್‌ಡೆಂಟಲ್ ಬ್ರಷ್ ಎಂಬ ಪುಟ್ಟ ಬ್ರಷ್. ಮೆಡಿಕಲ್‌ಗಳಲ್ಲಿ ಸಿಗುತ್ತದೆ, ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಒತ್ತಾಯ ಮಾಡದೆ, ಸ್ವಲ್ಪ ಬಿಗಿಯಾಗಿ ಹೋಗುವ ಅಳತೆ ನಿಮ್ಮದು. ದಿನಕ್ಕೆ ಒಮ್ಮೆ, ರಾತ್ರಿ ಉಜ್ಜುವ ಮೊದಲು ಮಾಡಿದರೆ ಸಾಕು. ಮೊದಲ ಕೆಲವು ದಿನ ರಕ್ತ ಬರುತ್ತದೆ, ಆಗಲೂ ಮುಂದುವರಿಸಿ.

ದಯವಿಟ್ಟು ಹಿಡಿಸೂಡಿ ಕಡ್ಡಿ, ಪಿನ್ನು ಹಾಕಬೇಡಿ. ಬೂತಾಯಿಯ ಮುಳ್ಳು ಸಿಕ್ಕಿಕೊಂಡಿತೆಂದು ಕಡ್ಡಿ ಹಾಕಿ ಅಗೆದು, ಅದರ ಎಳೆ ವಸಡಿನೊಳಗೇ ಮುರಿದು ಕೂತು ಕೀವಾಗುವುದುಂಟು. ದಿನಾ ಊಟವಾದ ಕೂಡಲೇ ಕಡ್ಡಿ ಬೇಕಾಗುತ್ತದೆ ಎಂದರೆ ಆ ಸಂದಿನಲ್ಲಿ ಪಾಕೆಟ್ಟೋ ಹುಳುಕೋ ಇದೆ, ಅದನ್ನು ತೋರಿಸಿ.

ಉಮಿಕರಿಯ ಬಗ್ಗೆ ಕೇಳುವವರಿದ್ದಾರೆ. ಭತ್ತದ ಉಮಿಯ ಬೂದಿಯಲ್ಲಿ ಸಿಲಿಕಾ ತುಂಬ ಇರುತ್ತದೆ, ಅದು ಹರಳಿನ ಹಾಗೆ ಒರಟು. ಹಲ್ಲು ಬೆಳ್ಳಗೆ ಕಾಣುವುದು ಮೇಲ್ಪದರ ಸವೆದೇ. ವಸಡು ಸರಿದು ಬೇರು ಕಾಣುತ್ತಿರುವವರು ಅದನ್ನು ಮುಟ್ಟಲೇಬಾರದು, ಬೇರಿಗೆ ಎನಾಮಲ್ ಎಂಬ ಗಟ್ಟಿ ಹೊರಪದರದ ರಕ್ಷಣೆ ಇಲ್ಲ. ಮಾವಿನ ಎಲೆ, ಬೇವಿನ ಕಡ್ಡಿ ಅಷ್ಟು ಕೆಡುಕಲ್ಲ, ಸಂದಿಗೆ ಹೋಗುವುದಿಲ್ಲ ಅಷ್ಟೇ. ಕಲ್ಲುಪ್ಪು ತಿಕ್ಕಬೇಡಿ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದರೆ ಊದಿದ ವಸಡಿಗೆ ಹಿತ, ಆದರೆ ಪಾಚಿ ಹೋಗದು.

ಮೌತ್‌ವಾಷಿನಲ್ಲಿ ಕ್ಲೋರ್‌ಹೆಕ್ಸಿಡಿನ್ ಇರುವುದು ಒಳ್ಳೆಯ ಔಷಧಿ, ಡಾಕ್ಟರ್ ಹೇಳಿದಷ್ಟು ದಿನ ಮಾತ್ರ. ಸಾಮಾನ್ಯವಾಗಿ ಎರಡು ವಾರ. ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ಚಾ ಕುಡಿಯುವವರಿಗೆ ಇನ್ನೂ ಜಾಸ್ತಿ, ರುಚಿಯೂ ಕೆಡುತ್ತದೆ. ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಬಳಸಿದರೆ ಪೂರ್ತಿ ಕೆಲಸ ಮಾಡದು, ಅರ್ಧ ಗಂಟೆ ಬಿಟ್ಟು ಬಳಸಿ.

ಡಾಕ್ಟರ ಹತ್ತಿರ ಏನು ಮಾಡುತ್ತಾರೆ

ಮಿಲಿಮೀಟರ್ ಗೆರೆಗಳಿರುವ ತೆಳು ಕಡ್ಡಿಯೊಂದನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ವಸಡಿನ ಸಂದಿಗೆ ಇಳಿಸಿ ಆಳ ಅಳೆಯುತ್ತಾರೆ. ಎಕ್ಸ್‌ರೇ ತೆಗೆದು ಎಲುಬು ಎಷ್ಟು ಉಳಿದಿದೆ ನೋಡುತ್ತಾರೆ. ಗಾರೆ ವಸಡಿನ ಮೇಲೆ ಮಾತ್ರ ಇದ್ದರೆ ಅದನ್ನು ತೆಗೆಯುವ ಕ್ಲೀನಿಂಗ್, ಅಂದರೆ ಸ್ಕೇಲಿಂಗ್ ಸಾಕು. ಪಾಕೆಟ್ ಇದ್ದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿನ ಗಾರೆಯನ್ನೂ ಕೆರೆದು ತೆಗೆಯುತ್ತಾರೆ. ಒಂದೆರಡು ತಿಂಗಳ ನಂತರ ಮತ್ತೆ ಅಳೆದು, ಆಳ ಉಳಿದಿರುವ ಕಡೆ ಮಾತ್ರ ವಸಡು ಬಿಡಿಸಿ ಸ್ವಚ್ಛ ಮಾಡುವ ಫ್ಲಾಪ್ ಸರ್ಜರಿ. ಹೋದ ಎಲುಬನ್ನು ಗ್ರಾಫ್ಟ್ ಎಂಬ ಎಲುಬಿನ ಪುಡಿಯಂಥದ್ದನ್ನು ಹಾಕಿ ಸ್ವಲ್ಪ ತುಂಬಿಸಲು ಕೆಲವು ಆಕಾರದ ಗುಂಡಿಗಳಲ್ಲಿ ಮಾತ್ರ ಆಗುತ್ತದೆ. ಉಳಿದ ಕಡೆ ಗುರಿ ಒಂದೇ, ಇರುವ ಎಲುಬನ್ನು ಉಳಿಸುವುದು. ಬರೀ ಆಂಟಿಬಯೋಟಿಕ್ ನುಂಗಿದರೆ ಗಾರೆ ಕರಗುವುದಿಲ್ಲ. ಮೆಡಿಕಲ್‌ನಿಂದ ಸುಮ್ನೆ ಮಾತ್ರೆ ತಂದು ತಿಂಗಳು ತಳ್ಳಬೇಡಿ.

"ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಎಷ್ಟೋ ಮಂದಿ ಇದೇ ಹೆದರಿಕೆಯಲ್ಲಿ ಹಲ್ಲು ಕಳೆದುಕೊಂಡಿದ್ದಾರೆ, ಅದಕ್ಕೆ ಇದನ್ನು ಬಿಡಿಸಿ ಹೇಳುತ್ತೇನೆ. ಎಲುಬು ಕರಗಿದ ಹಲ್ಲುಗಳನ್ನು ಕೆಲವು ಸಲ ಆ ಗಾರೆಯೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ತಿಳಿಯುತ್ತದೆ. ಊತ ಇಳಿದು ವಸಡು ಬಿಗಿಯಾದಾಗ ಹಲ್ಲು ಉದ್ದವಾಗಿ, ಸಂದು ಬಿದ್ದ ಹಾಗೆ ಕಾಣುತ್ತದೆ, ಕೆಲವು ವಾರ ತಣ್ಣನೆಯದು ತಾಗಿದರೆ ಝುಂ ಎನ್ನುತ್ತದೆ. ಇದು ಗುಣವಾಗುವ ರೀತಿಯೇ. ಅಲುಗಾಡುತ್ತಿದ್ದ ಹಲ್ಲು ಊತ ಇಳಿದ ಮೇಲೆ ಸ್ವಲ್ಪ ಗಟ್ಟಿಯಾಗುವುದೂ ಉಂಟು. ಹಾಗಾಗಿ ಅಲುಗಾಡಿದ ಹಲ್ಲೆಲ್ಲ ಕೀಳಲೇಬೇಕು ಎಂದು ಮೊದಲೇ ತೀರ್ಮಾನಿಸಬೇಡಿ, ಬೆರಳಿನಿಂದ ಅಲುಗಿಸಿ ನೋಡುತ್ತಾ ಕೂರಲೂಬೇಡಿ. "ಎಲ್ಲ ತೆಗೆಸಿ ಇಂಪ್ಲಾಂಟ್ ಹಾಕಿಸಿದರಾಯಿತು" (ಎಲುಬಿಗೆ ಸ್ಕ್ರೂ ಕೂರಿಸಿ ಹಾಕುವ ಕೃತಕ ಹಲ್ಲು) ಎನ್ನುವವರಿಗೆ ಒಂದು ಮಾತು. ಇಂಪ್ಲಾಂಟಿನ ಸುತ್ತಲೂ ಇದೇ ರೀತಿ ಎಲುಬು ಕರಗುತ್ತದೆ, ವಸಡಿನ ರೋಗ ಇದ್ದವರಲ್ಲಿ ಇನ್ನೂ ಜಾಸ್ತಿ.

ದುಡ್ಡಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ಮಂಗಳೂರಿನವರಿಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ದೇರಳಕಟ್ಟೆಗೆ ಬಸ್ಸು ಬೇಕಾದಷ್ಟು, ಉಡುಪಿಯವರಿಗೆ ಮಣಿಪಾಲ ಪಕ್ಕದಲ್ಲೇ. ವಸಡಿನದ್ದೇ ವಿಭಾಗ ಇರುತ್ತದೆ, ಪೆರಿಯೊಡಾಂಟಿಕ್ಸ್ ಎಂದು ಕೇಳಿ. ವಿದ್ಯಾರ್ಥಿಗಳು ಮಾಡುತ್ತಾರೆ, ಪಕ್ಕದಲ್ಲಿ ಕಲಿಸುವ ಡಾಕ್ಟರ್ ನೋಡುತ್ತಾರೆ. ಸಮಯ ಜಾಸ್ತಿ ಹಿಡಿಯುತ್ತದೆ, ಬೆಳಿಗ್ಗೆ ಬೇಗ ಹೋಗಿ, ಅರ್ಧ ದಿನ ಕೈಯಲ್ಲಿಟ್ಟುಕೊಳ್ಳಿ. ನಿಧಾನ ಎಂದು ಬೇಸರಪಡಬೇಡಿ, ವಸಡಿನ ಕೆಲಸ ನಿಧಾನವಾಗಿಯೇ ಆಗಬೇಕು. ರಕ್ತ ತೆಳುವಾಗುವ ಮಾತ್ರೆ, ಹೃದಯದ ವಾಲ್ವ್ ಆಪರೇಷನ್, ಸಕ್ಕರೆ, ಬಸುರಿ, ಇದರಲ್ಲಿ ಯಾವುದಿದ್ದರೂ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿ. ಮಾತ್ರೆಯ ಚೀಟಿ ಜೊತೆಗಿರಲಿ.

ಚಿಕಿತ್ಸೆ ಮುಗಿಯಿತು ಎಂದು ಮರೆತರೆ ಪಾಕೆಟ್‌ಗಳು ವಾಪಸ್ ಬರುತ್ತವೆ. ಪೆರಿಯೊಡಾಂಟೈಟಿಸ್ ಆದವರು ಮೂರು ತಿಂಗಳಿಗೊಮ್ಮೆ ಹೋಗಬೇಕು, ಆಮೇಲೆ ಸ್ಥಿತಿ ನೋಡಿ ಡಾಕ್ಟರೇ ಅಂತರ ಹೆಚ್ಚಿಸುತ್ತಾರೆ. ಮೊದಲ ಸಲ ಹೋದಾಗಲೇ ಪಾಕೆಟ್‌ಗಳ ಆಳ ಬರೆದ ಹಾಳೆಯ ಪ್ರತಿ ಕೇಳಿ, ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. 4ಕ್ಕಿಂತ ಜಾಸ್ತಿ ಇರುವ ಹಲ್ಲುಗಳು ಯಾವುವು ಎಂದು ಡಾಕ್ಟರಿಂದ ಕನ್ನಡಿಯಲ್ಲಿ ತೋರಿಸಿಕೊಳ್ಳಿ. ರಾತ್ರಿ ಇಂಟರ್‌ಡೆಂಟಲ್ ಬ್ರಷ್ ಮೊದಲು ಆ ಹಲ್ಲುಗಳಿಗೇ ಹೋಗಲಿ, ಮೂರು ತಿಂಗಳ ನಂತರದ ಅಳತೆಯನ್ನು ಆ ಹಳೆಯ ಹಾಳೆಯ ಪಕ್ಕ ಇಟ್ಟು ನೋಡಿ.